ಒಡಪಿನ ಹಾಡಿನಿಂದ ಕತ್ತರಿಸಿದ ಹೆಸರು

ಮೊದಲಿಗೇ ಹೇಳಿಬಿಡುತ್ತೇನೆ. ಡಿಜೆ ಅಂದರೆ ಪೆಟ್ಟಿಗೆ ಅಲ್ಲ, ಮನುಷ್ಯ. ಈಗ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಯಾರ ಬಾಯಲ್ಲೂ 'ಡಿಜೆ ಬಂತು' ಅಂತಲೇ ಬರುತ್ತದೆ, 'ಡಿಜೆ ಬಂದರು' ಅಂತ ಒಬ್ಬನೂ ಅನ್ನುವುದಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಸ್ಪೀಕರ್ ಪೇರಿಸಿ, ಓಣಿಯ ಕಿಟಕಿಗಳೆಲ್ಲ ಅದುರುವ ಹಾಗೆ ಬಾರಿಸಿದರೆ ಅದಕ್ಕೆ ಡಿಜೆ ಅಂತ ಹೆಸರು. ಹೋದ ತಿಂಗಳು ಗಬ್ಬೂರಿನ ಕಡೆಯ ಒಬ್ಬ ತರುಣ ನನ್ನ ಹತ್ತಿರ ಬಂದು, "ಅಂಕಲ್, ನಿಮ್ಮ ಕಾಲದಾಗ ಎಷ್ಟ ಬೇಸ್ ಬಾಕ್ಸ್ ಇಡತಿದ್ರಿ?" ಅಂತ ಕೇಳಿದ. ಹಾಡು ಯಾವುದು ಹಾಕುತ್ತಿದ್ದಿರಿ ಅಂತ ಕೇಳಲಿಲ್ಲ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತಿದ್ದಿರಿ ಅಂತಲೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಅವನಂಥವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನನಗೆ ಹೊದಿಸಿದ ಶಾಲುಗಳ ಸುದ್ದಿ ಇಲ್ಲಿ ಕಡಿಮೆ. ಒಂದು ಶಾಲಿನ ಸುದ್ದಿ ಮಾತ್ರ ಬರುತ್ತದೆ, ಅದೂ ಬೈಯುವುದಕ್ಕೆ.

ನಮ್ಮಪ್ಪನದು ಹಳೇ ಹುಬ್ಬಳ್ಳಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ. ಮದುವೆ, ಮುಂಜಿವೆ, ಚುನಾವಣೆ ಭಾಷಣ, ಎಲ್ಲದಕ್ಕೂ ನಮ್ಮವೇ ಕಹಳೆ ಸ್ಪೀಕರುಗಳು. ನಾನು ಅಲ್ಲಿ ವೈರು ಸುತ್ತುತ್ತ ಬೆಳೆದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಪ್ಪನ ಜೊತೆ ಜಗಳ ಮಾಡಿಕೊಂಡು ಗೋವಾಕ್ಕೆ ಹೋದೆ. ಸಮುದ್ರದ ದಂಡೆಯ ಒಂದು ಹೋಟೆಲಿನಲ್ಲಿ ಸೌಂಡ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿಗೆ ಚಳಿಗಾಲದಲ್ಲಿ ಇಟಲಿಯಿಂದ ಒಬ್ಬ ಡಿಜೆ ಬರುತ್ತಿದ್ದ. ಮಾರ್ಕೊ ಅಂತ ಹೆಸರು, ತಲೆ ಆಗಲೇ ಬೆಳ್ಳಗಾಗಿತ್ತು. ತನ್ನ ದೇಶದಲ್ಲಿ ಕುಣಿತದ ಹಾಡುಗಳನ್ನು ತಯಾರಿಸಿ ಹೆಸರು ಮಾಡಿದ್ದವನು. ನನ್ನ ಗುರು ಅಂತ ಯಾರನ್ನಾದರೂ ಕರೆಯಬೇಕಾದರೆ ಅವನೊಬ್ಬನನ್ನೇ.

ಅವನಿಗೂ ಇಂಗ್ಲಿಷು ಅಷ್ಟಕ್ಕಷ್ಟೆ, ನನಗಂತೂ ಅದೂ ಇಲ್ಲ. ಕೈಸನ್ನೆಯಲ್ಲೇ ಪಾಠ. ಎರಡು ಹಾಡುಗಳ ನಡಿಗೆಯನ್ನು ಒಂದು ಮಾಡುವುದು ಹೇಗೆ, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಒಳಗೆ ತರುವುದು ಹೇಗೆ ಅಂತ ತೋರಿಸಿದ. ನಾನು ತಪ್ಪಿದಾಗ ಮುಂಗೈ ಮೇಲೆ ಏಟು ಹಾಕುತ್ತಿದ್ದ. ಯಂತ್ರದ ಕಡೆ ನೋಡಿದರೆ ಬೈಯುತ್ತಿದ್ದ. ಕುಣಿಯುವವರ ಕಾಲು ನೋಡು, ಕಾಲು ಭಾರವಾದರೆ ಹಾಡು ಬದಲಿಸು ಅನ್ನುವುದು ಅವನ ಮಾತು.

ಒಂದು ಮಧ್ಯಾಹ್ನ ಅವನಿಗೆ ಹೆಸರು ತಂದ ಹಾಡನ್ನು ಯಾರೋ ಹಾಕಿದರು. ಅವನು ಎದ್ದು ಹೊರಗೆ ಹೋಗಿಬಿಟ್ಟ. ಯಾಕೆ ಅಂತ ಕೇಳಿದೆ. ಆ ಹಾಡು ಹಾಡಿದವಳು ಒಬ್ಬ ದಪ್ಪ ಹೆಂಗಸಂತೆ, ಚರ್ಚಿನಲ್ಲಿ ಹಾಡುತ್ತಿದ್ದವಳು. ಕಂಪನಿಯವರು ಅವಳನ್ನು ಹಿಂದೆ ಸರಿಸಿ ಒಬ್ಬ ತೆಳ್ಳನೆಯ ಹುಡುಗಿಯನ್ನು ಟೀವಿಯಲ್ಲಿ ನಿಲ್ಲಿಸಿ ಬಾಯಿ ಆಡಿಸಿದರಂತೆ. ಇವನು ಸುಮ್ಮನಿದ್ದನಂತೆ. ಅಷ್ಟು ಹೇಳಿ ಮರಳಿನಲ್ಲಿ ಉಗುಳಿದ. ಎಂಥಾ ಹೊಲಸು ದೇಶ ಇರಬೇಕು ಅಂದುಕೊಂಡೆ. ನಮ್ಮ ಕಡೆ ಹೀಗೆಲ್ಲ ನಡೆಯುವುದಿಲ್ಲ ಅಂತ ನನಗೆ ಆಗ ಭಾಳ ಜಂಬ.

ಅಪ್ಪನ ಮೈಗೆ ಹುಷಾರಿಲ್ಲವೆಂದು ಹುಬ್ಬಳ್ಳಿಗೆ ವಾಪಸು ಬಂದೆ. ಮಾರ್ಕೊ ಕೊಟ್ಟ ಒಂದು ಚೀಲ ಕ್ಯಾಸೆಟ್ಟು ನನ್ನ ಆಸ್ತಿ. ವೇಗ ಬದಲಿಸುವ ಗುಂಡಿ ಇರುವ ಯಂತ್ರ ಕೊಳ್ಳುವ ತಾಕತ್ತು ಇರಲಿಲ್ಲ. ಮಾಮೂಲಿ ಟೇಪ್ ಡೆಕ್ಕಿನ ಮೋಟಾರಿನ ಹಿಂದೆ ಒಂದು ಸಣ್ಣ ತೂತು ಇರುತ್ತದೆ, ಅದರೊಳಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ವೇಗ ಹೆಚ್ಚು ಕಡಿಮೆ ಆಗುತ್ತದೆ. ಎರಡು ಡೆಕ್ಕುಗಳ ಬೆನ್ನು ಬಿಚ್ಚಿಟ್ಟುಕೊಂಡು ವರ್ಷಗಟ್ಟಲೆ ಹಾಗೆಯೇ ಹಾಡು ಕೂಡಿಸಿದೆ. ಈಗಿನವರು ಒಂದು ಗುಂಡಿ ಒತ್ತಿದರೆ ಕಂಪ್ಯೂಟರೇ ಕೂಡಿಸಿಕೊಡುತ್ತದೆ, ಆದರೂ ಇವರ ಹಾಡುಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತವೆ.

ಧಾರವಾಡದ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಮೊದಲ ಸಲ ಇಟಲಿಯ ಕ್ಯಾಸೆಟ್ಟು ಹಾಕಿದೆ. ಹುಡುಗರು ಕುಣಿಯಲು ಎದ್ದರು. ಪ್ರಿನ್ಸಿಪಾಲರು ಬಂದು ವೈರನ್ನೇ ಕಿತ್ತರು. "ಏನಪಾ, ಹಿಟ್ಟಿನ ಗಿರಣಿ ಚಾಲೂ ಮಾಡೀಯೇನ? ಭಾವಗೀತಿ ಹಚ್ಚು!" ಅಂದರು. ಭಾವಗೀತೆ ಹಚ್ಚಿದೆ. ಹುಡುಗರು ನನ್ನ ಮೇಲೆ ಚಪ್ಪಲಿ ಎಸೆದರು. ಅಂದು ಒಂದು ಮಾತು ಹೊಳೆಯಿತು. ಈ ಊರಿನ ಕಾಲು ಕುಣಿಸಬೇಕಾದರೆ ಈ ಊರಿನ ದನಿಯೇ ಬೇಕು, ಕೆಳಗೆ ಗಿರಣಿ ಓಡಲಿ, ಮೇಲೆ ನಮ್ಮ ಹೆಂಗಸರು ಹಾಡಲಿ.

ದುರ್ಗದ ಬೈಲಿನ ಹತ್ತಿರ ಒಂದು ಕ್ಯಾಸೆಟ್ ಕಂಪನಿ ಇತ್ತು. ಕಂಪನಿಯ ಹೆಸರು ಹೇಳುವುದಿಲ್ಲ, ಮಾಲಕನ ಹೆಸರನ್ನು ಬರೆಯಲು ನನ್ನ ಕೈ ಒಪ್ಪುವುದಿಲ್ಲ. ಮಹಡಿ ಮೇಲೆ ಒಂದು ಖೋಲಿ, ಗೋಡೆಗೆಲ್ಲ ಹಳೇ ಗಾದಿ ಬಡಿದಿದ್ದರು, ಅದೇ ಸ್ಟುಡಿಯೋ. ಕೆಳಗೆ ಕಾಯಿಪಲ್ಲೆ ಮಾರುವವರು ಕೂಗಿದರೆ ರೆಕಾರ್ಡಿಂಗ್ ನಿಲ್ಲಿಸಬೇಕು. ನನ್ನ ಯೋಚನೆ ಹೇಳಿದಾಗ ಮಾಲಕ ತೊಡೆ ತಟ್ಟಿಕೊಂಡು ನಕ್ಕ. "ಗುರು, ಸೋಬಾನಿ ಪದಕ್ಕ ಡಿಸ್ಕೋ? ಛಲೋ ಐತಿ, ಮಾಡು" ಅಂದ. ನಾನು ಮಾಡಿದೆ. ಎರಡು ಮೂರು ಕ್ಯಾಸೆಟ್ಟು ಚೆನ್ನಾಗಿಯೇ ಓಡಿದವು. ಎಲ್ಲದರ ಮೇಲೂ 'ಸಂಗೀತ ನಿರ್ದೇಶನ' ಅಂತ ಮಾಲಕನ ಹೆಸರೇ ಬರುತ್ತಿತ್ತು. ಅವನಿಗೆ ತಾಳಕ್ಕೂ ತಮಟೆಗೂ ಫರಕು ಗೊತ್ತಿರಲಿಲ್ಲ. ಹೋಗಲಿ ಬಿಡು ಅಂದುಕೊಂಡೆ, ನನ್ನ ಹೆಸರಿನ ವಿಷಯಕ್ಕೆ ನಾನು ಇಂದಿಗೂ ಜಗಳ ಮಾಡುವುದಿಲ್ಲ.

ಆಮೇಲೆ ನೀಲವ್ವ ಸಿಕ್ಕಳು.

ಕೆಲಗೇರಿಯ ಒಂದು ಮನೆಗೆ ಸೋಬಾನೆ ಹಾಡು ಹಿಡಿಯಲು ಟೇಪು ತೆಗೆದುಕೊಂಡು ಹೋಗಿದ್ದೆ. ಆ ಮನೆಯಲ್ಲಿ ಮರುದಿನ ಮದುವೆ. ಮದುಮಗಳಿಗೆ ಒಡಪು ಕಲಿಸುತ್ತಿದ್ದರು. ನಮ್ಮ ಕಡೆಯವರಿಗೆ ಒಡಪು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಗಂಡನ ಹೆಸರನ್ನು ಹೆಂಡತಿ ಸುಮ್ಮನೆ ಹೇಳುವಂತಿಲ್ಲ, ಎರಡು ಸಾಲಿನ ಪದ ಕಟ್ಟಿ ಅದರ ತುದಿಗೆ ಹೇಳಬೇಕು. ಮುತ್ತೈದೆಯರು ಸುತ್ತ ನಿಂತು, ಹೇಳುವ ತನಕ ಬಿಡುವುದಿಲ್ಲ. ಆ ಹುಡುಗಿಗೆ ಸಾಲು ಕೂಡುತ್ತಲೇ ಇರಲಿಲ್ಲ. ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಒಂದು ದನಿ ಬಂತು. ಸ್ವಲ್ಪ ಒರಟು, ಸ್ವಲ್ಪ ನಗು ಸೇರಿದ ದನಿ. ಆ ದನಿ ಸಾಲನ್ನು ಸರಿ ಮಾಡಿ ಕೊಟ್ಟಿತು. ಹೊರಗೆ ಬರಲಿಲ್ಲ. ಯಾರು ಅಂತ ಕೇಳಿದರೆ, "ಆಕಿ ನೀಲವ್ವರಿ. ಗಂಡ ತೀರಿದಾನ, ಹಂಗಾಗಿ ಮುಂದ ಬರೂದಿಲ್ಲ" ಅಂದರು.

ಕೆಲಗೇರಿಯಲ್ಲಿ ಅವಳು ಕಲಿಸದೆ ಒಬ್ಬ ಮದುಮಗಳೂ ಒಡಪು ಹೇಳಿದವಳಲ್ಲವಂತೆ. ಗಂಡ ಚನ್ನವೀರಪ್ಪ, ಲಾರಿ ಡ್ರೈವರ್, ಘಟ್ಟದಲ್ಲಿ ಅಪಘಾತವಾಗಿ ಹೋದ. ಅಂದಿನಿಂದ ಅವಳಿಗೆ ಪಡಸಾಲೆ ಬಂದ್ ಆಯಿತು. ಬುದ್ಧಿ ಬೇಕು, ದನಿ ಬೇಕು, ಪದ ಬೇಕು, ಮುಖ ಮಾತ್ರ ಬೇಡ. ಎಂಥಾ ಜನ ನಾವು!

ನಾನು ಹೋಗಿ, ಅಕ್ಕಾರ, ಸ್ಟುಡಿಯೋಕ್ಕೆ ಬಂದು ಒಡಪು ಹೇಳ್ರಿ ಅಂದೆ. ಮೂರು ಸಲ ಇಲ್ಲ ಅಂದಳು. ನಾಲ್ಕನೇ ಸಲ, "ನನ್ನ ಹೆಸರ ಹಾಕತೀಯೇನು?" ಅಂತ ಕೇಳಿದಳು.

"ಹಾಕತೇನ್ರಿ."

"ಲಗ್ನದ ಮನ್ಯಾಗ ನಾ ಹೋಗಾಕ ಬರೂದಿಲ್ಲ. ಕ್ಯಾಸೆಟ್ಟರ ಹೋಗಲಿ. ಅದರ ಮ್ಯಾಲೆ ನನ್ನ ಹೆಸರಿರಲಿ ತಮ್ಮಾ. ಅಷ್ಟ."

ಅವಳು ಕೇಳಿದ್ದು ಅಷ್ಟೇ, ಬೇರೆ ಏನೂ ಇಲ್ಲ. ಮಾಲಕನಿಗೆ ಹೇಳಿದೆ. "ಹಾಕೂಣಂತ, ಹಾಕೂಣಂತ" ಅಂದ.

ರೆಕಾರ್ಡಿಂಗಿಗೆ ಬಂದಾಗ ಅವಳ ಕಿವಿಗೆ ಹೆಡ್‌ಫೋನ್ ಹಾಕಿ ಡ್ರಮ್ಮು ಕೇಳಿಸಿದೆ. "ಅಯ್ಯ, ಯಾರೋ ಎದಿ ಬಡಕೊಂಡಂಗ ಬಡೀತೈತಲ್ಲೋ!" ಅಂದಳು. ಹಾಡು ಶುರುವಾಯಿತು.

'ಕೆಲಗೇರಿ ಕೆರಿಮ್ಯಾಲ ಬೆಳ್ಳಕ್ಕಿ ಹಿಂಡ,
ಹತ್ತೂರ ಹುಡುಕಿದರೂ ಸಿಗಲಾರ ಇಂಥಾ ಗಂಡ,
ಚನ್ನವೀರಪ್ಪ.'

ಹೆಸರು ತಾಳಕ್ಕೆ ಕೂಡಲೇ ಇಲ್ಲ. ಪ್ರತಿ ಸಲವೂ ಹೆಸರಿನ ಮುಂದೆ ಅವಳು ಒಂದು ಉಸಿರು ನಿಲ್ಲಿಸುತ್ತಿದ್ದಳು. ಒಡಪು ಹೇಳುವ ಹೆಂಗಸರೆಲ್ಲ ಹಾಗೆ ನಿಲ್ಲುತ್ತಾರೆ, ನಾಚಿಕೆ ಅದು. ಗಂಡ ಹೋಗಿ ವರ್ಷಗಳಾದ ಮೇಲೂ ನೀಲವ್ವನಿಗೆ ಆ ನಾಚಿಕೆ ಹಾಗೆಯೇ ಇತ್ತು. ಬೇರೆ ಯಾವುದಾದರೂ ಹೆಸರು ಹಾಕೋಣವೇ, ಸಣ್ಣದು, ಅಂತ ಮಾಲಕ ಕಿಟಕಿಯಿಂದ ಕೂಗಿದ. "ಮಂದಿ ಗಂಡನ ಹೆಸರ ನಾ ಯಾಕ ಹೇಳ್ಲಿ?" ಅಂತ ಇವಳು ರೇಗಿದಳು. ಕಡೆಗೆ ನಾನು ಅವಳನ್ನು ತಾಳಕ್ಕೆ ಕೂಡಿಸುವುದನ್ನು ಬಿಟ್ಟು, ತಾಳವನ್ನೇ ಅವಳಿಗೆ ಕೂಡಿಸಿದೆ. 'ಇಂಥಾ ಗಂಡ' ಅಂದ ಕೂಡಲೇ ಡ್ರಮ್ಮು, ಕೀಬೋರ್ಡು ಎಲ್ಲ ನಿಲ್ಲಿಸಿದೆ. ಆ ಮೌನದಲ್ಲಿ ಅವಳ ಉಸಿರು, ಆಮೇಲೆ ಹೆಸರು ಒಂದೇ. ಹೆಸರು ಮುಗಿದ ಮೇಲೆ ಡ್ರಮ್ಮು ದಢ್ ಅಂತ ವಾಪಸು ಬರಬೇಕು. ನನ್ನ ಇಡೀ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯದು ನಾನು ಮಾಡಿಲ್ಲ. ಕೇಳಿಸಿದಾಗ ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅವರ ಇದ್ದಿದ್ರ ಲಾರಿಯಾಗ ಹಚ್ಚಕೊಂಡ ತಿರಗತಿದ್ರು" ಅಂದಳು.

ಕ್ಯಾಸೆಟ್ಟು ಬಂತು. ಕವರಿನ ಮೇಲೆ ಹಸಿರು ಸೀರೆ, ಮೂಗಿನಲ್ಲಿ ನತ್ತು ಇಟ್ಟ ಒಬ್ಬ ಹುಡುಗಿಯ ಫೋಟೋ. ಕೆಳಗೆ, 'ಗಾಯನ: ಕುಮಾರಿ ಸ್ವಪ್ನಾ'. ಮಾಲಕನ ಟೇಬಲ್ಲಿನ ಮೇಲೆ ಅದನ್ನು ಒಗೆದೆ.

"ಏನ್ರಿ ಇದು?"

"ಸಿಟ್ಟಿಗೇಳಬ್ಯಾಡ ಗುರು. ಗಂಡ ಸತ್ತಾಕಿ ಹೇಳಿದ ಒಡಪ ಅಂತ ಗೊತ್ತಾದ್ರ ಲಗ್ನದ ಮನ್ಯಾಗ ಯಾರ ಹಚ್ಚತಾರ? ನೀನ ಹೇಳು."

"ಕುಮಾರಿ ಅಂತ ಬರದೀರಿ. ಲಗ್ನ ಆಗದಾಕಿ ಗಂಡನ ಹೆಸರ ಹೆಂಗ ಹೇಳತಾಳ್ರಿ?"

ಅವನು ಕವರನ್ನು ಎತ್ತಿ ನೋಡಿದ. ಅದು ಅವನ ತಲೆಗೆ ಹೋಗಿಯೇ ಇರಲಿಲ್ಲ. "ಅದನ್ಯಾರ ಓದತಾರ ಬಿಡು" ಅಂದ.

ಗೋವಾದ ಮರಳಿನಲ್ಲಿ ಕೇಳಿದ ಕಥೆ ನಮ್ಮ ದುರ್ಗದ ಬೈಲಿಗೇ ಬಂದು ಕೂತಿತ್ತು. ಇಟಲಿಯಲ್ಲಿ ದಪ್ಪ ಅಂತ ಬಚ್ಚಿಟ್ಟರು, ಇಲ್ಲಿ ಕುಂಕುಮ ಇಲ್ಲ ಅಂತ. ಸ್ವಪ್ನಾಳನ್ನು ನಾನು ಬೈಯುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಕುಣಿಯುವ ಹುಡುಗಿ, ಮನೆಯಲ್ಲಿ ಕಷ್ಟ ಇತ್ತು, ನಿಲ್ಲು ಅಂದಲ್ಲಿ ನಿಂತಳು.

ಮುಂದಿನ ಮದುವೆ ಸೀಸನ್ನಿನಲ್ಲಿ ಆ ಒಡಪಿನ ಹಾಡು ಎಲ್ಲ ಕಡೆ. ಧಾರವಾಡದ ಒಂದು ಕಲ್ಯಾಣ ಮಂಟಪದಲ್ಲಿ ಆರತಕ್ಷತೆ, ಯಂತ್ರದ ಹಿಂದೆ ನಾನು. ಮಾಲಕ ಸ್ವಪ್ನಾಳನ್ನು ಕರೆತಂದಿದ್ದ, ಕೈಯಲ್ಲಿ ಒಂದು ಮೈಕು, ಅದಕ್ಕೆ ಕರೆಂಟಿಲ್ಲ. ಟೇಪು ಓಡಿತು, ಅವಳು ಬಾಯಿ ಆಡಿಸಿದಳು. ಜನ ಕುಣಿದರು. ಮೌನ ಬಂತು, 'ಚನ್ನವೀರಪ್ಪ' ಅಂತ ಹೆಸರು ಬಂತು, ಡ್ರಮ್ಮು ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದು ನಿಂತು ಕೈ ಮೇಲೆತ್ತಿದಳು. ನಾನು ಹಾಡು ನಿಲ್ಲಿಸಿದೆ.

"ಏ ಹುಡುಗಿ, ಕುಮಾರಿ ಅಂತ ಕರದ್ರಲ್ಲ ನಿನ್ನ. ಚನ್ನವೀರಪ್ಪ ಯಾರವಾ?"

ಇಡೀ ಮಂಟಪ ಗೊಳ್ಳೆಂದಿತು. ಸ್ವಪ್ನಾ ಮೈಕು ಹಿಡಿದು ನೆಲ ನೋಡಿದಳು. ಅಜ್ಜಿ ಬಿಡಲಿಲ್ಲ.

"ಈ ದನಿ ನಿಂದಲ್ಲ. ನಾ ಕೆಲಗೇರಿ ಮನಿ ಮಗಳು. ಇದು ನೀಲವ್ವನ ದನಿ. ಆಕಿ ಗಂಡನ ಹೆಸರ ಚನ್ನವೀರಪ್ಪ."

ನನಗೆ ಎಷ್ಟು ಖುಷಿಯಾಯಿತೆಂದರೆ ಯಂತ್ರದ ಹಿಂದಿನಿಂದ ಎದ್ದುಬಿಟ್ಟೆ. "ಖರೇ ಐತ್ರಿ ಅಜ್ಜಿ! ನೀಲವ್ವಕ್ಕಾರ ಹಾಡು!" ಅಂತ ಮೈಕಿನಲ್ಲಿಯೇ ಕೂಗಿದೆ. ಈಗ ಎಲ್ಲ ಸರಿಯಾಯಿತು, ಊರಿಗೆಲ್ಲ ಗೊತ್ತಾಯಿತು ಅಂದುಕೊಂಡೆ.

ಗಂಡಿನ ಕಡೆಯ ಹಿರಿಯರೊಬ್ಬರು ನಡೆದು ಬಂದರು, ಪೇಟ ಸುತ್ತಿದವರು. "ಅಂದ್ರ ಗಂಡ ಸತ್ತಾಕಿ ಒಡಪ ಹಚ್ಚೀರೇನ ನಮ್ಮ ಲಗ್ನದಾಗ? ಬಂದ್ ಮಾಡ್ರಿ ಮೊದಲ!" ಅಂದರು. ನಗು ನಿಂತಿತು. ಅಜ್ಜಿ ಬಾಯಿ ತೆರೆದಳು, ಅವಳ ಮಗ ತೋಳು ಹಿಡಿದು ಕೂರಿಸಿದ. ಯಾರೋ ಹೋಗಿ ಮದುಮಕ್ಕಳಿಗೆ ದೃಷ್ಟಿ ತೆಗೆದರು. ಅಷ್ಟೊತ್ತಿನ ತನಕ ಅದೇ ಹಾಡಿಗೆ ಬೆವರು ಸುರಿಸಿ ಕುಣಿದಿದ್ದ ಜನ! ಹಾಡಿದವಳು ಕುಮಾರಿ ಅಂದುಕೊಂಡಾಗ ಕಾಲಿಗೆ ಹತ್ತಿದ ಹಾಡು, ಗಂಡ ಸತ್ತವಳು ಅಂದ ಕೂಡಲೇ ಅಪಶಕುನ ಆಯಿತು. ಇಂದಿಗೂ ಆ ಪೇಟದ ನೆನಪಾದರೆ ಹಲ್ಲು ಕಡಿಯುತ್ತೇನೆ.

ಮರುದಿನ ಮಾಲಕ ಕರೆಸಿದ. ಅವನಿಗೆ ಸಿಟ್ಟಿರಲಿಲ್ಲ, ಒಂದು ಉಪಾಯ ಇತ್ತು.

"ಹೆಸರು ಒಂದ ತಗದಬಿಡು. ಹೆಸರಿಲ್ಲಂದ್ರ ಯಾರದ ಅಂತ ಗೊತ್ತಾಗೂದಿಲ್ಲ. ಉಳದದ್ದು ಹಂಗ ಇರಲಿ."

"ಒಡಪಿನಾಗ ಹೆಸರ ತಗದ್ರ ಏನ ಉಳೀತೈತ್ರಿ?"

"ಡ್ರಮ್ಮು ಉಳೀತೈತಿ."

ನಾನು ಆಗುವುದಿಲ್ಲ ಅಂದೆ. ಅವನು ಕೂತಲ್ಲಿಂದಲೇ ಮೂಲೆಯ ಹೊಸ ಕಂಪ್ಯೂಟರ್ ತೋರಿಸಿದ. "ನೀ ಇಲ್ಲಂದ್ರ ಇದು ಐತಿ." ಮೊದಲು ಟೇಪು ಕತ್ತರಿಸಬೇಕಾದರೆ ಬ್ಲೇಡು ಹಿಡಿಯಬೇಕಿತ್ತು. ಕತ್ತರಿಸುವ ಜಾಗಕ್ಕೆ ಸೀಸದಕಡ್ಡಿಯಿಂದ ಗುರುತು ಹಾಕುವಾಗ ಕೈ ನಡುಗುತ್ತಿತ್ತು, ತಪ್ಪಿದರೆ ಹಾಡೇ ಹೋಯಿತು. ಹಾಗಾಗಿ ನೂರು ಸಲ ಯೋಚಿಸುತ್ತಿದ್ದೆವು. ಮೌಸಿಗೆ ನಡುಕವೂ ಇಲ್ಲ, ಯೋಚನೆಯೂ ಇಲ್ಲ. ಇನ್ನೊಬ್ಬನನ್ನು ಕೂರಿಸಿ ಹೆಸರನ್ನು ಅಳಿಸಿಬಿಟ್ಟರು. ಅವಳ ಉಸಿರನ್ನೂ ಅಳಿಸಿದರು. ಮೂಲ ಟೇಪು ಕಂಪನಿಯದು, ಅದರ ಮೇಲೆ ಬೇರೇನೋ ತುಂಬಿಸಿ ಹಾಳು ಮಾಡಿದರು. ಮೊದಲೇ ಮಾರಿಹೋದ ಕ್ಯಾಸೆಟ್ಟುಗಳು ಹಚ್ಚಿ ಹಚ್ಚಿ ಸವೆದುಹೋದವು. ನಾನು ಮೆಟ್ಟಿಲಿಳಿದು ಬಂದವನು ಮತ್ತೆ ಆ ಮಹಡಿ ಹತ್ತಲಿಲ್ಲ.

ಕವರಿನ ಮೇಲೆ ಅವಳ ಹೆಸರಿಲ್ಲದ್ದು, ಹಾಡಿನಿಂದ ಗಂಡನ ಹೆಸರು ತೆಗೆದದ್ದು, ಎರಡನ್ನೂ ನೀಲವ್ವನಿಗೆ ಹೋಗಿ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು. "ಅವರ ಹೆಸರ ಪೂರಾ ತಗದ್ರೇನು?" ಅಂತ ಮಾತ್ರ ಕೇಳಿದಳು. ಹೌದು ಅಂದೆ. ಚಹಾ ಕೊಟ್ಟಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮುಂದೆ ನಡೆದದ್ದನ್ನು ಈ ಊರಿನ ಮಕ್ಕಳೂ ಬಲ್ಲರು. ಹೆಸರು ಹೋಯಿತು, ನಾನು ಇಟ್ಟ ಮೌನ ಹಾಗೆಯೇ ಉಳಿಯಿತು. 'ಹತ್ತೂರ ಹುಡುಕಿದರೂ ಸಿಗಲಾರ ಇಂಥಾ ಗಂಡ' ಅಂತ ಹಾಡು ನಿಲ್ಲುತ್ತದೆ. ಆ ಖಾಲಿ ಜಾಗದಲ್ಲಿ ಮಂಟಪದ ಹೆಂಗಸರೆಲ್ಲ ತಮ್ಮ ತಮ್ಮ ಗಂಡನ ಹೆಸರು ಹಿಡಿದು ಕಿರುಚುತ್ತಾರೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಸೀಡಿ ಬಂತು, ಎಂಪಿತ್ರೀ ಬಂತು, ಪೆನ್‌ಡ್ರೈವ್ ಬಂತು, ಆ ಖಾಲಿ ಜಾಗ ಎಲ್ಲದರಲ್ಲೂ ದಾಟಿ ಬಂತು. ಹಾಡಿನ ಜೀವವೇ ಅದು ಅನ್ನುತ್ತಾರೆ. ನಾನು ಎಷ್ಟೋ ವರ್ಷ ಆ ಹಾಡು ಹಾಕಲಿಲ್ಲ. ಹಾಕಲಿಲ್ಲ ಅಂತ ಬೈಸಿಕೊಂಡೆ, ಕೆಲಸ ಕಳೆದುಕೊಂಡೆ.

ನಾನು ಕೆಲಸ ಬಿಟ್ಟ ವರ್ಷ ಇಲ್ಲಿನ ತರುಣ ಡಿಜೆಗಳು ಸೇರಿ ಸತ್ಕಾರ ಇಟ್ಟುಕೊಂಡರು. ಮೊದಲು ಹೇಳಿದ ಶಾಲು ಇದೇ. ವೇದಿಕೆ ಮೇಲೆ ಕೂರಿಸಿ ಆ ಹಾಡು ಹಚ್ಚಿದರು. ಖಾಲಿ ಜಾಗ ಬಂತು, ಸಭೆ ಕಿರುಚಿತು. ನಿರೂಪಕ ಮೈಕು ಹಿಡಿದು, "ಈ ಬ್ರೇಕ್ ಹಾಕಿದ ತಲಿ ಯಾರದ ಗೊತ್ತೇನ್ರಿ? ನಮ್ಮ ಗುರು ಸರ್ ಅವರದು!" ಅಂದ. ಚಪ್ಪಾಳೆ. ಶಾಲು ಭುಜದ ಮೇಲೆ ಬಿತ್ತು. ನಾನು ಎದ್ದು, ಅಲ್ಲೊಂದು ಹೆಸರಿತ್ತು, ಅದನ್ನು ಹೇಳಿದ ಹೆಂಗಸು ಇನ್ನೂ ಬದುಕಿದ್ದಾಳೆ, ಅವಳ ಬಾಯಿ ಕಟ್ಟಿದ ಜಾಗಕ್ಕೆ ನೀವು ಚಪ್ಪಾಳೆ ಹೊಡೆಯುತ್ತಿದ್ದೀರಿ ಅಂತ ಶುರು ಮಾಡಿದೆ. ಮುಗಿಸಲು ಬಿಡಲಿಲ್ಲ. ಸರ್ ಭಾವುಕರಾಗಿದ್ದಾರೆ ಅಂತ ಮತ್ತೊಮ್ಮೆ ಹಾಡು ಹಚ್ಚಿದರು.

ಶಾಲನ್ನು ಕುರ್ಚಿ ಮೇಲೆಯೇ ಬಿಟ್ಟು ಸೀದಾ ಕೆಲಗೇರಿಗೆ ಹೋದೆ. ನೀಲವ್ವನಿಗೆ ವಯಸ್ಸಾಗಿತ್ತು, ಕಿವಿ ಚುರುಕಾಗಿಯೇ ಇತ್ತು. ನಡೆದದ್ದನ್ನೆಲ್ಲ ಹೇಳಿ, ಬಾಯಿಗೆ ಬಂದ ಹಾಗೆ ಎಲ್ಲರನ್ನೂ ಬೈದೆ. ಅವಳು ಬೈಸಿಕೊಳ್ಳುವವಳ ಹಾಗೆ ಕೂತು ಕೇಳಿದಳು. ಆಮೇಲೆ ಅಂದಳು:

"ಈಗ ಲಗ್ನದ ಮನ್ಯಾಗ ನನ್ನನ್ನ ಹಿಂದಿನ ಸಾಲಿನಾಗ ಕುಂದರಸತಾರ ತಮ್ಮಾ. ಹಾಡ ಹಚ್ಚತಾರ. ಎಲ್ಲಾರೂ ಒದರತಾರ. ಆವಾಗ ನಾನೂ ಹೇಳತೇನಿ."

"ಏನ ಹೇಳತೀರಿ?"

"ಅವರ ಹೆಸರ. ಚನ್ನವೀರಪ್ಪ ಅಂತ, ದೊಡ್ಡ ದನಿ ತಗದ. ಅಷ್ಟ ಗದ್ದಲದಾಗ ಯಾರ ಮುತ್ತೈದಿ, ಯಾರ ಗಂಡ ಇಲ್ಲದಾಕಿ, ಯಾರಿಗೆ ಗೊತ್ತಾಕ್ಕೈತಿ? ಯಾರೂ ಬ್ಯಾಡ ಅನ್ನೂದಿಲ್ಲ." ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನೀ ಸಿಟ್ಟ ಬಿಡು. ಛಲೋನ ಆತು."

ಅವಳು ಬಿಟ್ಟಳು. ನಾನು ಬಿಟ್ಟಿಲ್ಲ. ಅವಳ ದನಿಗೆ ಇಡೀ ಊರು ಕುಣಿಯಿತು, ಅವಳು ಮಾತ್ರ ತನ್ನ ಗಂಡನ ಹೆಸರು ಹೇಳಬೇಕಾದರೆ ಮಂದಿ ಗದ್ದಲದಲ್ಲಿ ಕಳ್ಳಿಯ ಹಾಗೆ ಸೇರಿಕೊಳ್ಳಬೇಕು. ಅದಕ್ಕೂ ಅವಳು ನಗುತ್ತಾಳೆ. ಆ ನಗು ನೋಡಿ ಬಂದ ಮೇಲೆ ನನ್ನ ಸಿಟ್ಟು ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.